30,000 ಜನರಿಗೊಂದು ಆರೋಗ್ಯ ಕೇಂದ್ರ: ಈ ಲೆಕ್ಕ ಯಾರನ್ನು ಹೊರಗಿಡುತ್ತದೆ?

ಒಂದು ಸರಳ ಭಾಗಾಕಾರದಿಂದ ಆರಂಭಿಸೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಗ್ರಾಮೀಣ ಜನಸಂಖ್ಯೆ ಸುಮಾರು 3.75 ಕೋಟಿ. ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ದೇಶದ ಮಾನದಂಡ. 3.75 ಕೋಟಿಯನ್ನು 30,000ದಿಂದ ಭಾಗಿಸಿ. ಬರುವ ಉತ್ತರ 1,250. ಇಡೀ ರಾಜ್ಯವನ್ನೇ ಗುಡ್ಡಗಾಡೆಂದು ಭಾವಿಸಿ 20,000ದಿಂದ ಭಾಗಿಸಿದರೂ 1,875 ಕೇಂದ್ರಗಳು ಸಾಕು. ನಮ್ಮಲ್ಲಿರುವ ಗ್ರಾಮೀಣ ಪ್ರಾಥಮಿಕ ಆರೋಗ್ಯ ಕೇಂದ್ರಗಳು 2,000ಕ್ಕಿಂತ ಹೆಚ್ಚು!

ಅಂದರೆ ಪುಸ್ತಕದ ಲೆಕ್ಕದಲ್ಲಿ ನಾವು ಮಿಗತೆಯ ರಾಜ್ಯ. ಹಾಗಿದ್ದರೆ ರಾಯಚೂರು, ಯಾದಗಿರಿಗಳ ತಾಂಡಾಗಳಿಂದ, ದೊಡ್ಡಿಗಳಿಂದ ಬರುವ ದೂರು ಏನು? ಚಾಮರಾಜನಗರದ ಪೋಡುಗಳಲ್ಲಿ, ಕೊಡಗಿನ ಹಾಡಿಗಳಲ್ಲಿ ಇರುವವರಿಗೆ ಕೊರತೆ ಏಕೆ ಕಾಣುತ್ತದೆ? ಅವರ ಅನುಭವ ಸುಳ್ಳಲ್ಲ. ಭಾಗಾಕಾರವೂ ತಪ್ಪಲ್ಲ. ನಾವು ಭಾಗಿಸುತ್ತಿರುವುದು ಏನನ್ನು, ಯಾವುದರಿಂದ ಎಂಬುದನ್ನೇ ಪ್ರಶ್ನಿಸಬೇಕಾಗಿದೆ. ಆರೋಗ್ಯ ಯೋಜನೆಗಳ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವ ಟೀಕೆಗಳು ಹಣ ಸಾಲದು, ವೈದ್ಯರಿಲ್ಲ, ಔಷಧಿ ಇಲ್ಲ ಎಂಬಂಥವು. ಅವೆಲ್ಲ ನಿಜವೇ. ಆದರೆ ಯೋಜನೆ ಹಿಡಿದಿರುವ ಅಳತೆಗೋಲನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಈ ಲೇಖನದ ವಿಮರ್ಶೆ ಆ ಅಳತೆಗೋಲಿಗೆ ಮೀಸಲು.

ಅಳತೆಗೋಲಿನ ಹುಟ್ಟು

ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾದ ಸಮಿತಿ 1946ರಲ್ಲಿ ವರದಿ ನೀಡಿತು. ಹಣ ಕೊಡಲಾರದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂಬುದು ಅದರ ಮೂಲ ತತ್ತ್ವ. ದೀರ್ಘಾವಧಿಯಲ್ಲಿ 10,000ದಿಂದ 20,000 ಜನರಿಗೆ 75 ಹಾಸಿಗೆಗಳ ಒಂದು ಪ್ರಾಥಮಿಕ ಘಟಕ ಬೇಕೆಂದು ಸಮಿತಿ ಹೇಳಿತ್ತು. ಸದ್ಯಕ್ಕೆ, ಅಂದರೆ ಆ ಕಾಲದ ಬಡತನದಲ್ಲಿ, 40,000ಕ್ಕೊಂದು ಕೇಂದ್ರ ಮಾಡಿಕೊಳ್ಳಿ ಎಂದಿತು. 1952ರ ನಂತರ ಸಮುದಾಯ ಅಭಿವೃದ್ಧಿ ಬ್ಲಾಕ್‌ಗಳೊಂದಿಗೆ ಬಂದ ಕೇಂದ್ರಗಳು ಅದಕ್ಕಿಂತಲೂ ದೊಡ್ಡ ಜನಸಂಖ್ಯೆಯನ್ನು ಹೊತ್ತವು. 1980ರ ದಶಕದಲ್ಲಿ, 1983ರ ರಾಷ್ಟ್ರೀಯ ಆರೋಗ್ಯ ನೀತಿಯ ಆಸುಪಾಸಿನಲ್ಲಿ, 30,000 ಮತ್ತು 20,000 ಎಂಬ ಅಂಕಿಗಳು ನೆಲೆಗೊಂಡವು. ಉಪಕೇಂದ್ರಕ್ಕೆ 5,000 ಮತ್ತು 3,000.

ಗಮನಿಸಿ: ಭೋರ್ ಸಮಿತಿಯ 75 ಹಾಸಿಗೆಗಳನ್ನು ನಾವು ಮರೆತೆವು, ಭಾಗಾಕಾರವನ್ನು ಮಾತ್ರ ಉಳಿಸಿಕೊಂಡೆವು. ‘ಸದ್ಯಕ್ಕೆ’ ಎಂದು ಹೇಳಿದ ಮಾತು ಇಷ್ಟು ವರ್ಷ ಬಾಳಿದ ಉದಾಹರಣೆ ನಮ್ಮ ಆಡಳಿತದಲ್ಲಿ ಬೇರೆಯೂ ಇರಬಹುದು.

ಈ ಮಾನದಂಡದಿಂದ ಉಪಕಾರ ಆಗಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಜನಸಂಖ್ಯೆಯ ಲೆಕ್ಕ ಇಲ್ಲದಿದ್ದರೆ ಕೇಂದ್ರಗಳು ಪ್ರಭಾವಿಗಳ ಊರಿನಲ್ಲಿ ಮಾತ್ರ ಏಳುತ್ತಿದ್ದವು. ದೂರದ ತಾಲ್ಲೂಕಿನ ಜನ ‘ನಮಗೂ ಒಂದು ಬರಬೇಕು’ ಎಂದು ಕೇಳಲು ಕೈಯಲ್ಲಿ ಒಂದು ಅಂಕಿಯಾದರೂ ಸಿಕ್ಕಿತು.

ವೃತ್ತದ ತ್ರಿಜ್ಯ ಹೇಳುವುದು

ಈಗ ಸ್ವಲ್ಪ ರೇಖಾಗಣಿತ. ನಿಮ್ಮ ತರಗತಿಯಲ್ಲೂ ಇದನ್ನು ಮಾಡಿಸಬಹುದು. 2011ರಲ್ಲಿ ಚದರ ಕಿಲೋಮೀಟರಿಗೆ ಮಂಡ್ಯ ಜಿಲ್ಲೆಯಲ್ಲಿ 364, ರಾಯಚೂರಿನಲ್ಲಿ 228, ಉತ್ತರ ಕನ್ನಡದಲ್ಲಿ 140 ಜನರಿದ್ದರು. ಒಂದು ಆರೋಗ್ಯ ಕೇಂದ್ರದ ವ್ಯಾಪ್ತಿ ಸರಿಯಾದ ವೃತ್ತ, ಕೇಂದ್ರವು ಅದರ ನಟ್ಟನಡುವೆ ಇದೆ, ಜನ ಸಮನಾಗಿ ಹರಡಿದ್ದಾರೆ ಎಂದುಕೊಳ್ಳೋಣ.

ಮಂಡ್ಯದಲ್ಲಿ 30,000 ಜನರಿಗೆ ಬೇಕಾದ ವಿಸ್ತೀರ್ಣ ಸುಮಾರು 82 ಚದರ ಕಿ.ಮೀ. ತ್ರಿಜ್ಯ 5.1 ಕಿ.ಮೀ. ರಾಯಚೂರಿನಲ್ಲಿ ಅಷ್ಟೇ ಜನರಿಗೆ 132 ಚದರ ಕಿ.ಮೀ., ತ್ರಿಜ್ಯ 6.5 ಕಿ.ಮೀ. ಉತ್ತರ ಕನ್ನಡಕ್ಕೆ ಗುಡ್ಡಗಾಡಿನ ರಿಯಾಯಿತಿ ಕೊಟ್ಟು 20,000 ಜನರೆಂದರೂ 143 ಚದರ ಕಿ.ಮೀ., ತ್ರಿಜ್ಯ 6.7 ಕಿ.ಮೀ. ವೃತ್ತದೊಳಗಿನ ಅರ್ಧ ಜನ ತ್ರಿಜ್ಯದ 0.71 ಭಾಗಕ್ಕಿಂತ ಆಚೆ ಇರುತ್ತಾರೆ ಎಂಬುದು ನಿಮಗೆ ಗೊತ್ತು. ಹಾಗಾಗಿ ರಾಯಚೂರಿನಲ್ಲಿ ಅರ್ಧದಷ್ಟು ಜನ 4.6 ಕಿ.ಮೀ.ಗಿಂತ ದೂರದಲ್ಲಿ, ಮಂಡ್ಯದಲ್ಲಿ 3.6 ಕಿ.ಮೀ.ಗಿಂತ ದೂರದಲ್ಲಿ ಇರುತ್ತಾರೆ.

ಎರಡು ವಿಷಯ ಕಾಣುತ್ತವೆ. ಮೊದಲನೆಯದು, ಗುಡ್ಡಗಾಡಿನ ರಿಯಾಯಿತಿ ಉತ್ತರ ಕನ್ನಡವನ್ನು ಮಂಡ್ಯದ ಸಮಕ್ಕೆ ತಂದಿಲ್ಲ. ರಾಯಚೂರಿನ ಹತ್ತಿರಕ್ಕೆ ತಂದಿದೆ, ಅಷ್ಟೆ. ಎರಡನೆಯದು, ರಾಯಚೂರು ಬಯಲು. ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಬಯಲು ಎಂಬ ಕಾರಣಕ್ಕೆ ಅದು ಮಂಡ್ಯದ ಸಾಲಿಗೆ ಸೇರಿತು. ಆದರೆ ಮಂಡ್ಯದ ದಟ್ಟಣೆಯಾಗಲಿ, ಬಸ್ಸುಗಳಾಗಲಿ ಅದಕ್ಕಿಲ್ಲ. ಇದಲ್ಲದೆ ಇಲ್ಲಿ ಬಳಸಿದ ದಟ್ಟಣೆಯಲ್ಲಿ ನಗರದ ಜನರೂ ಸೇರಿದ್ದಾರೆ. ಅವರನ್ನು ತೆಗೆದರೆ ಹಳ್ಳಿಯವರ ವೃತ್ತ ಇನ್ನೂ ದೊಡ್ಡದು. ನಿಜವಾದ ನೆಲದಲ್ಲಂತೂ ವೃತ್ತ ಎಂಬುದೇ ಇಲ್ಲ. ಕೇಂದ್ರ ಇರುವುದು ಹೋಬಳಿಯ ಊರಿನಲ್ಲಿ, ರಸ್ತೆಯ ಬದಿಯಲ್ಲಿ. ನಡುವೆ ಹಳ್ಳ, ಕಾಡು, ಮಳೆಗಾಲದಲ್ಲಿ ಮುಳುಗುವ ಸೇತುವೆ.

ಈಚಿನ ಮಾರ್ಗಸೂಚಿಗಳಲ್ಲಿ ದುರ್ಗಮ ಪ್ರದೇಶಗಳ ಉಪಕೇಂದ್ರಗಳಿಗೆ ‘ನಡೆದು 30 ನಿಮಿಷದೊಳಗೆ’ ಎಂಬ ಅಳತೆ ಬಂದಿದೆ. ಇದು ಒಳ್ಳೆಯ ಹೆಜ್ಜೆ. ತಲೆ ಎಣಿಸುವ ಬದಲು ಕಾಲ ಎಣಿಸುವ ಅಳತೆ ಅದು. ಅದನ್ನು ದುರ್ಗಮ ಪ್ರದೇಶಕ್ಕೆ ಮಾತ್ರ ಏಕೆ ಮೀಸಲಿಡಬೇಕು ಎಂಬುದಷ್ಟೇ ನನ್ನ ತಕರಾರು. ತುಂಬು ಗರ್ಭಿಣಿಗೆ ಬಯಲಿನ ಬಿಸಿಲಲ್ಲಿ ಐದು ಕಿಲೋಮೀಟರ್ ಸುಗಮವೇ?

ಇನ್ನು ಮಿಗತೆಯ ಮಾತು. 2,000ಕ್ಕೂ ಮೀರಿದ ಕೇಂದ್ರಗಳು ರಾಜ್ಯದಲ್ಲಿ ಸಮನಾಗಿ ಹರಡಿಲ್ಲ. ಹಾಸನ, ತುಮಕೂರಿನಂಥ ಹಳೆಯ ಮೈಸೂರಿನ ಜಿಲ್ಲೆಗಳಲ್ಲಿ ಅವು ದಟ್ಟ. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಭಾಗದಲ್ಲಿ ವಿರಳ. 1956ರ ಏಕೀಕರಣದ ದಿನವೇ ಇದ್ದ ಈ ಅಂತರವನ್ನು ಭಾಗಾಕಾರ ಮುಚ್ಚಲಿಲ್ಲ. ರಾಜ್ಯದ ಮಟ್ಟದಲ್ಲಿ ಭಾಗಿಸಿದಾಗ ಒಂದು ಕಡೆಯ ಮಿಗತೆ ಇನ್ನೊಂದು ಕಡೆಯ ಕೊರತೆಯನ್ನು ಕಾಗದದ ಮೇಲೆ ನುಂಗಿಬಿಡುತ್ತದೆ.

ಸರಾಸರಿಯ ಸಮಾಧಾನ

ರಾಜ್ಯದ ಸಾಧನೆ ಸಣ್ಣದೇನಲ್ಲ. ಮಾದರಿ ನೋಂದಣಿ ವ್ಯವಸ್ಥೆಯ ಅಂಕಿಗಳಂತೆ 2001ರಲ್ಲಿ ಹುಟ್ಟಿದ 1,000 ಶಿಶುಗಳಲ್ಲಿ 58 ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. 2020ರಲ್ಲಿ ಅದು 19. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆಯರು, ಆಂಬುಲೆನ್ಸ್, ಲಸಿಕೆ, ಶಾಲೆಗೆ ಹೋದ ಹೆಣ್ಣುಮಕ್ಕಳು ಎಲ್ಲರ ಪಾಲೂ ಇದರಲ್ಲಿದೆ.

ಆದರೆ ಸರಾಸರಿ ಇಳಿದರೆ ಅಸಮಾನತೆಯೂ ಇಳಿಯಿತೆಂದು ಅರ್ಥವಲ್ಲ. ಒಂದು ಕಾಲ್ಪನಿಕ ಉದಾಹರಣೆ ನೋಡಿ. ಒಂದೇ ಗಾತ್ರದ ಹತ್ತು ಪ್ರದೇಶಗಳಿವೆ. ಒಂಬತ್ತರಲ್ಲಿ ಶಿಶುಮರಣ ಪ್ರಮಾಣ 30, ಹತ್ತನೆಯದರಲ್ಲಿ 60. ಸರಾಸರಿ 33. ಐದು ವರ್ಷಗಳ ಯೋಜನೆಯ ನಂತರ ಒಂಬತ್ತು ಪ್ರದೇಶಗಳು 20ಕ್ಕೆ ಇಳಿದವು. ಹತ್ತನೆಯದು ಇದ್ದಲ್ಲೇ ಇದೆ. ಸರಾಸರಿ 24. ಯೋಜನೆ ಗುರಿ ಮುಟ್ಟಿತೆಂದು ವರದಿಯಾಗುತ್ತದೆ. ಹತ್ತನೆಯ ಪ್ರದೇಶದ ಶಿಶುವಿಗೆ ಸಾವಿನ ಅಪಾಯ ಮೊದಲು ಇತರರ ಎರಡರಷ್ಟಿತ್ತು, ಈಗ ಮೂರರಷ್ಟು. ಗುರಿ ಮುಟ್ಟುವ ಅತಿ ಸುಲಭದ ದಾರಿಯೆಂದರೆ ಸುಲಭವಾಗಿ ಸಿಗುವವರನ್ನು ಮುಟ್ಟುವುದು! ಯಾವ ಅಧಿಕಾರಿಯನ್ನೂ ಇದಕ್ಕೆ ದೂರಬೇಕಿಲ್ಲ. ಸರಾಸರಿಯನ್ನು ಗುರಿಯಾಗಿ ಕೊಟ್ಟರೆ ಹಾಗೆಯೇ ಆಗುತ್ತದೆ.

ದಕ್ಷಿಣ ವೇಲ್ಸ್‌ನ ಗಣಿ ಹಳ್ಳಿ ಗ್ಲಿನ್‌ಕೊರಗ್‌ನಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದಕ್ಕೊಂದು ಹೆಸರು ಕೊಟ್ಟರು: ವಿಲೋಮ ಆರೈಕೆಯ ನಿಯಮ. ಒಳ್ಳೆಯ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಕಡಿಮೆ ಸಿಗುತ್ತದೆ, ಮಾರುಕಟ್ಟೆಯ ಕೈ ಮೇಲಾದಷ್ಟೂ ಈ ಒಲವು ಬಲಗೊಳ್ಳುತ್ತದೆ ಎಂಬುದು ಅದರ ತಾತ್ಪರ್ಯ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ವ್ಯವಸ್ಥೆ ಇದ್ದ ದೇಶದಲ್ಲಿ ಕುಳಿತು ಅವರು ಇದನ್ನು ಬರೆದರು ಎಂಬುದು ಗಮನಾರ್ಹ. ಐದು ವರ್ಷಗಳ ನಂತರ, 1976ರಲ್ಲಿ, ಅಲ್ಲಿನ ಒಂದು ಕಾರ್ಯತಂಡ ಆರೋಗ್ಯದ ಹಣವನ್ನು ಪ್ರದೇಶಗಳಿಗೆ ಹಂಚುವಾಗ ತಲೆಗಳ ಎಣಿಕೆಯೊಂದೇ ಸಾಲದು, ವಯಸ್ಸಿನ ವ್ಯತ್ಯಾಸ ಕಳೆದು ನೋಡಿದ ಮರಣ ಪ್ರಮಾಣವನ್ನೂ ಸೂತ್ರದೊಳಗೆ ಸೇರಿಸಬೇಕೆಂದಿತು. ಸತ್ತವರ ಲೆಕ್ಕ ಬದುಕಿರುವವರ ಕಾಯಿಲೆಯನ್ನು ಪೂರ್ತಿ ತೋರಿಸುತ್ತದೆಯೇ ಎಂಬ ಆಕ್ಷೇಪ ಕೂಡಲೇ ಬಂತು, ಅದು ಸರಿಯೂ ಆಗಿತ್ತು. ಆದರೂ ಅಗತ್ಯ ಹೆಚ್ಚಿರುವಲ್ಲಿಗೆ ಹಣ ಹೆಚ್ಚು ಎಂಬುದು ಅಲ್ಲಿ ಸೂತ್ರವೇ ಆಯಿತು. ನಮ್ಮಲ್ಲಿ ಅದು ಭಾಷಣದಲ್ಲಿದೆ.

ನಮ್ಮಲ್ಲೂ ಪ್ರಯತ್ನ ನಡೆಯಿತು

ಇಲ್ಲವೆಂದಲ್ಲ. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆ 2001ರಲ್ಲಿ ತನ್ನ ಅಂತಿಮ ವರದಿ ಕೊಟ್ಟಿತು. ಸಮತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರು ಪದಗಳು ಅದರ ಶೀರ್ಷಿಕೆಯಲ್ಲೇ ಇವೆ. ಭ್ರಷ್ಟಾಚಾರವನ್ನೂ ಸಮತೆಯ ಕಡೆಗಿನ ಅಲಕ್ಷ್ಯವನ್ನೂ ಸರ್ಕಾರಿ ವರದಿಯೊಂದು ರೋಗಲಕ್ಷಣಗಳೆಂದು ಹೆಸರಿಸಿ ಬರೆದದ್ದು ಧೈರ್ಯದ ಕೆಲಸ. ನನ್ನ ದೃಷ್ಟಿಯಲ್ಲಿ ಅದರ ರೋಗನಿರ್ಣಯ ಇಂದಿಗೂ ಹಳತಾಗಿಲ್ಲ. ಆದರೆ ‘ಸಮತೆ’ ಎಂಬ ಪದ ನಂತರದ ಕಾಗದಪತ್ರಗಳಲ್ಲಿ ಪದವಾಗಿಯೇ ಉಳಿಯಿತು. ಎಣಿಸಬಹುದಾದ, ಎಣಿಸಿ ಪ್ರಶ್ನಿಸಬಹುದಾದ ಅಳತೆಯಾಗಲಿಲ್ಲ.

ಆ ಕೆಲಸಕ್ಕೆ ಕೈ ಹಾಕಿದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ಅದರ ವರದಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿಯಿತು. 35 ಸೂಚಕಗಳನ್ನು ಸೇರಿಸಿ ಒಂದು ಸೂಚ್ಯಂಕ ಕಟ್ಟಿ, ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಕರ್ನಾಟಕದಲ್ಲಿ ಹಂಚಿಕೆಯ ಚರ್ಚೆ ಅಂಕಿಗಳ ಆಧಾರದ ಮೇಲೆ ನಡೆಯುವಂತೆ ಮಾಡಿದ ಶ್ರೇಯ ಈ ವರದಿಯದು.

ಅದರ ಮಿತಿಗಳನ್ನೂ ಹೇಳಬೇಕು. ಆರೋಗ್ಯದ ಮಟ್ಟಿಗೆ ಸೂಚ್ಯಂಕ ಎಣಿಸಿದ್ದು ಮುಖ್ಯವಾಗಿ ವೈದ್ಯರನ್ನು ಮತ್ತು ಹಾಸಿಗೆಗಳನ್ನು, ಅಂದರೆ ಒದಗಿಸಿದ್ದನ್ನು. ಆ ಹಾಸಿಗೆಗಳಿಂದ ಯಾರು ಗುಣವಾದರು, ಯಾರು ಅಲ್ಲಿಗೆ ತಲುಪಲೇ ಇಲ್ಲ ಎಂಬುದು ಅದರಲ್ಲಿಲ್ಲ. ಮೇಲಾಗಿ ರಾಜ್ಯದ ಸರಾಸರಿಯನ್ನೇ 1 ಎಂದು ಹಿಡಿದು ಅಳೆದದ್ದರಿಂದ, ಸರಾಸರಿ ಎಷ್ಟೇ ಕಳಪೆಯಾಗಿದ್ದರೂ ಅದನ್ನು ಮುಟ್ಟಿದ ತಾಲ್ಲೂಕು ‘ಮುಂದುವರಿದದ್ದು’ ಆಗಿಬಿಡುತ್ತದೆ. ಇನ್ನೂ ಮುಖ್ಯವಾದುದು: ತಾಲ್ಲೂಕು ಕೂಡ ಒಂದು ಸರಾಸರಿಯೇ. ಕೊಡಗಿನ ಕಾಫಿ ತೋಟದ ಮಾಲೀಕರೂ ಅದೇ ತಾಲ್ಲೂಕಿನ ಹಾಡಿಯ ಜೇನುಕುರುಬರು, ಯರವರೂ ಒಂದೇ ಸೂಚ್ಯಂಕದೊಳಗೆ ಬರುತ್ತಾರೆ. ಮುಂದುವರಿದ ತಾಲ್ಲೂಕಿನ ಬಡವನಿಗೆ ಹಿಂದುಳಿದ ತಾಲ್ಲೂಕಿನ ಹೆಸರಿನಲ್ಲಿ ಬರುವ ಹಣವೂ ಇಲ್ಲ, ಮುಂದುವರಿದವರ ಆಸ್ಪತ್ರೆಯೂ ಇಲ್ಲ.

ಇನ್ನೂ ಸಣ್ಣದಾಗಿ ಎಣಿಸಿದರೆ?

ಇಲ್ಲಿಗೆ ಬಂದಾಗ ಉತ್ಸಾಹಿಗಳು ಹೇಳುವುದುಂಟು: ಹಳ್ಳಿ ಹಳ್ಳಿಯ ಶಿಶುಮರಣ ಪ್ರಮಾಣ ತೆಗೆಯೋಣ, ಹೆಚ್ಚಿರುವಲ್ಲಿಗೆ ಹಣ ಕೊಡೋಣ. ಕೇಳಲು ಚೆಂದ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು.

30,000 ಜನರಿರುವ ಒಂದು ಕೇಂದ್ರದ ವ್ಯಾಪ್ತಿಯಲ್ಲಿ, ಜನನ ಪ್ರಮಾಣ ಸಾವಿರಕ್ಕೆ 17 ಎಂದಿಟ್ಟುಕೊಂಡರೆ, ವರ್ಷಕ್ಕೆ 510 ಶಿಶುಗಳು ಹುಟ್ಟುತ್ತವೆ. ಶಿಶುಮರಣ ಪ್ರಮಾಣ 25 ಎಂದರೆ ನಿರೀಕ್ಷಿತ ಸಾವುಗಳು ಸುಮಾರು 13. ಇಂಥ ಸಣ್ಣ ಸಂಖ್ಯೆಗಳು ಯಾವ ಕಾರಣವೂ ಇಲ್ಲದೆ ಏರಿಳಿಯುತ್ತವೆ. ಏರಿಳಿತದ ಅಂದಾಜು ಸಂಖ್ಯೆಯ ವರ್ಗಮೂಲ, ಇಲ್ಲಿ 3.6. ಅದರ ಎರಡರಷ್ಟನ್ನು ಆಚೀಚೆ ಬಿಟ್ಟರೆ 6ರಿಂದ 20ರ ವರೆಗೆ ಯಾವ ಸಂಖ್ಯೆ ಬಂದರೂ ಅದು ಬರೀ ಆಕಸ್ಮಿಕ ಇರಬಹುದು. ಪ್ರಮಾಣಕ್ಕೆ ಪರಿವರ್ತಿಸಿದರೆ 12ರಿಂದ 39! ಒಂದು ವರ್ಷ 39 ಬಂದ ಕೇಂದ್ರದ ವೈದ್ಯರಿಗೆ ನೋಟಿಸು, ಮರುವರ್ಷ 12 ಬಂದಾಗ ಅವರಿಗೇ ಪ್ರಶಸ್ತಿ ಪತ್ರ. ನಡುವೆ ಅಲ್ಲಿ ಏನೂ ಬದಲಾಗಿರದೆ ಇರಬಹುದು. ಎರಡು ಲಕ್ಷ ಜನರ ತಾಲ್ಲೂಕಿಗೆ ಇದೇ ಲೆಕ್ಕ ಮಾಡಿ. 20ರಿಂದ 30ರ ನಡುವೆ ಬರುತ್ತದೆ. ಅಲ್ಲಿಯೂ ಒಂದು ವರ್ಷದ ಅಂಕಿಯನ್ನು ನೆಚ್ಚುವುದು ಕಷ್ಟ. ಉಪಕೇಂದ್ರದಲ್ಲಂತೂ ವರ್ಷಕ್ಕೆ 85 ಜನನ, ಎರಡು ಸಾವು. ಅಲ್ಲಿ ‘ಪ್ರಮಾಣ’ ಎಂಬ ಮಾತಿಗೇ ಅರ್ಥವಿಲ್ಲ.

ಹಾಗಾದರೆ ಸಣ್ಣ ಊರುಗಳನ್ನು ಅಳೆಯುವುದು ಹೇಗೆ? ಒಂದು, ಮೂರು ಅಥವಾ ಐದು ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡುವುದು. ಎರಡು, ಸಾವಿನ ಬದಲು ತಲುಪುವಿಕೆಯನ್ನು ಎಣಿಸುವುದು. 510 ಶಿಶುಗಳಲ್ಲಿ ಪೂರ್ಣ ಲಸಿಕೆ ಸಿಗದವು ಎಷ್ಟು, ಅವು ಯಾವ ಕೇರಿಯವು ಎಂಬುದು ದೊಡ್ಡ ಸಂಖ್ಯೆ, ಹೆಸರು ಹಿಡಿದು ಪತ್ತೆ ಮಾಡಬಹುದಾದದ್ದು. ಮೂರು, ಸಾವುಗಳನ್ನು ಎಣಿಸಿ ಕೈಬಿಡದೆ ಒಂದೊಂದನ್ನೂ ವಿಚಾರಿಸುವುದು. ಯಾವಾಗ ನೋವು ಬಂತು, ಗಾಡಿ ಎಷ್ಟು ಹೊತ್ತಿಗೆ ಸಿಕ್ಕಿತು, ಮೊದಲ ಆಸ್ಪತ್ರೆಯಲ್ಲಿ ರಕ್ತ ಇತ್ತೇ, ಮುಂದಕ್ಕೆ ಕಳಿಸಿದವರು ಯಾರು? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲುಸಾಲಾಗಿ ತೀರಿಕೊಂಡು, ನರಕ್ಕೆ ಕೊಟ್ಟ ದ್ರಾವಣದ ಮೇಲೆ ಸಂಶಯ ಬಂದಾಗ ರಾಜ್ಯದಲ್ಲಿ ತಾಯಂದಿರ ಮರಣದ ಪರಿಶೋಧನೆ ಸುದ್ದಿಯಾಯಿತು. ಅದು ಅನಾಹುತದ ನಂತರ ಮಾತ್ರ ನಡೆಯಬೇಕಾದ ಕೆಲಸವಲ್ಲ. ಆ ತಾಯಂದಿರು ಆಸ್ಪತ್ರೆಗೆ ತಲುಪಿದ್ದರು ಎಂಬುದನ್ನೂ ಮರೆಯಬಾರದು. ತಲುಪುವಿಕೆಯ ಪಟ್ಟಿಯಲ್ಲಿ ಅವರು ‘ಸಾಧನೆ’ಯ ಕಾಲಂನಲ್ಲಿದ್ದರು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ರಕ್ತಹೀನತೆ, ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 60.9 ಇತ್ತು. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಶೇ 36.2ರಿಂದ 35.4ಕ್ಕೆ ಇಳಿದಿದ್ದಾರೆ, ಅಂದರೆ ಇಳಿದೇ ಇಲ್ಲ ಎನ್ನಬಹುದು. (ಬೆರಳ ತುದಿಯ ಹನಿ ರಕ್ತದಿಂದ ಅಳೆದಾಗ ರಕ್ತಹೀನತೆ ಹೆಚ್ಚು ಕಾಣುತ್ತದೆ, ಸಿರೆಯ ರಕ್ತದಿಂದ ಕಡಿಮೆ ಎಂಬ ವಾದವಿದೆ. ವಾದ ಗಟ್ಟಿಯಾದದ್ದೇ. ಆದರೆ ಎರಡೂ ಸಮೀಕ್ಷೆಗಳು ಬೆರಳ ಹನಿಯನ್ನೇ ಬಳಸಿದ್ದರಿಂದ ಹೋಲಿಕೆಗೆ ಅಡ್ಡಿಯಿಲ್ಲ.) ಹೆರಿಗೆ ಒಂದು ದಿನದ ಘಟನೆ, ಅದಕ್ಕೆ ಕಟ್ಟಡ ಮತ್ತು ವಾಹನ ಸಾಕು. ರಕ್ತ ಕಟ್ಟುವುದು ದಿನದಿನದ ಊಟ, ನೀರು, ಶೌಚಾಲಯ, ತಾಯಿಯ ಕೂಲಿ. ಆರೋಗ್ಯ ಇಲಾಖೆಯ ಅಳತೆಗೋಲಿನಲ್ಲಿ ಇವುಗಳಿಗೆ ಗೆರೆಯೇ ಇಲ್ಲ.

ವಿಮಾ ಯೋಜನೆಗಳ ಬಗ್ಗೆ ಒಂದೇ ಮಾತು. 2018ರಿಂದ ನಡೆಯುತ್ತಿರುವ ಆರೋಗ್ಯ ಕರ್ನಾಟಕದಂಥ ಯೋಜನೆಗಳು ಬಡ ಕುಟುಂಬವನ್ನು ದೊಡ್ಡ ಆಸ್ಪತ್ರೆಯ ಬಿಲ್ಲಿನಿಂದ ಕಾಪಾಡುತ್ತವೆ. ಅದು ನಿಜವಾದ ಉಪಕಾರ. ಆದರೆ ವಿಮೆಯ ಹಣ ರೋಗಿಯಿರುವಲ್ಲಿಗೆ ಹೋಗುವುದಿಲ್ಲ, ಆಸ್ಪತ್ರೆಯಿರುವಲ್ಲಿಗೆ ಹೋಗುತ್ತದೆ. ಟ್ಯೂಡರ್ ಹಾರ್ಟ್ ಅವರ ನಿಯಮಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಗುಳೆ ಹೋದವರು ಯಾವ ಛೇದದಲ್ಲಿ?

ಕೊನೆಗೆ, ಜನಸಂಖ್ಯೆಯ ಮಾನದಂಡವೇ ಕುಸಿಯುವ ಜಾಗಕ್ಕೆ ಬರೋಣ. ಸುಗ್ಗಿ ಮುಗಿದ ಮೇಲೆ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಕುಟುಂಬಗಳು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಗುಳೆ ಹೋಗುತ್ತವೆ. ಗರ್ಭಿಣಿಯ ತಾಯಿ ಕಾರ್ಡ್ ಊರಿನಲ್ಲಿ ಆಗಿರುತ್ತದೆ. ಆಕೆ ಊರಿನ ಉಪಕೇಂದ್ರದ ಛೇದದಲ್ಲಿದ್ದಾಳೆ, ಅಂಶದಲ್ಲಿಲ್ಲ. ಬೆಂಗಳೂರಿನಲ್ಲಿ 50,000 ಜನರಿಗೊಂದರಂತೆ ಲೆಕ್ಕ ಹಾಕಿದ ನಗರ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಆಕೆಯ ಶೆಡ್ಡು ಇದೆ. ಆದರೆ ಆ ಜನಸಂಖ್ಯೆಯಲ್ಲಿ ಆಕೆ ಇಲ್ಲ. 2011ರ ನಂತರ ಜನಗಣತಿ ಪೂರ್ಣಗೊಳ್ಳದೆ ಇರುವುದರಿಂದ ಆ ಶೆಡ್ಡಿನ ಜಾಗ ಸರ್ಕಾರದ ಲೆಕ್ಕದಲ್ಲಿ ಇನ್ನೂ ಖಾಲಿ ನಿವೇಶನವೇ ಇರಬಹುದು. ಎರಡೂ ಕಡೆಯ ದಾದಿಯರು ತಮ್ಮ ಪಟ್ಟಿ ಸರಿಯಿದೆ ಎಂದೇ ಹೇಳುತ್ತಾರೆ, ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಶಿಕ್ಷಕರಾಗಿರುವ ಓದುಗರಿಗೆ ಒಂದು ಕೆಲಸ ಸೂಚಿಸಬಹುದು. ನಿಮ್ಮ ಆರೋಗ್ಯ ಕೇಂದ್ರದ ವ್ಯಾಪ್ತಿಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆಸಿ. ಕಂದಾಯ ಗ್ರಾಮಗಳನ್ನಷ್ಟೇ ಗುರುತಿಸಿದರೆ ಸಾಲದು. ತಾಂಡಾ, ಹಾಡಿ, ಕ್ಯಾಂಪು, ತೋಟದ ಮನೆ, ಇಟ್ಟಿಗೆ ಭಟ್ಟಿಗಳೂ ಬರಲಿ. ಮಕ್ಕಳು ತಮ್ಮ ಮನೆಯಿಂದ ಕೇಂದ್ರಕ್ಕೆ ನಡೆಯಲು ಎಷ್ಟು ನಿಮಿಷ, ಬಸ್ಸಿದ್ದರೆ ದಿನಕ್ಕೆ ಎಷ್ಟು, ಮಳೆಗಾಲದಲ್ಲಿ ದಾರಿ ಇದೆಯೇ ಎಂದು ಬರೆಯಲಿ. 30 ನಿಮಿಷ ಮೀರಿದ ಮನೆಗಳಿಗೆ ಕೆಂಪು ಚುಕ್ಕಿ ಇಡಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದೊಂದು ನಿಮ್ಮ ಊರಿನಲ್ಲೂ ಇರಬೇಕು, ಕೈಯಲ್ಲಿ ಸ್ವಲ್ಪ ಹಣವೂ ಇರಬೇಕು. ಅದರ ಸಭೆ ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಆ ಹಾಳೆಯನ್ನು ಅಲ್ಲಿಗೆ ಒಯ್ಯಿರಿ.